ಅಡ್ಡ ಎಳೆಯ ರೆಕ್ಕೆ

ಮೂರನೇ ವಿಮಾನವೂ ಮೂಗು ಕೆಳಗೆ ಮಾಡಿಕೊಂಡು ಹೋಗಿ ಪಾರ್ಥೇನಿಯಂ ಪೊದೆಯೊಳಗೆ ಬಿತ್ತು.

“ಇದೂ ಹೋಯ್ತು ಮೇಡಂ,” ಅಂದರು ಎಸ್ಸೈ ನರೇಶ್.

ಅವರ ದನಿಯಲ್ಲಿದ್ದದ್ದು ನಗುವೋ ಬೇಸರವೋ ತಿಳಿಯಲಿಲ್ಲ. ಎರಡನ್ನೂ ಸಹಿಸುವ ತಾಳ್ಮೆ ನನಗಿರಲಿಲ್ಲ.

“ನಿಮ್ಮ ಕೈ ಸರಿ ಇಲ್ಲ ಅಂತ ನನ್ನ ಎರಡನ್ನೂ ಆಡ್ಕೊಂಡ್ರಿ. ಇದನ್ನ ನೀವೇ ಅಂಟಿಸಿದ್ದು ತಾನೆ? ಇದ್ಯಾಕೆ ಬಿತ್ತು?”

ನರೇಶ್ ವಿಮಾನ ಚಿಮ್ಮಿಸುವ ರಬ್ಬರ್ ಬ್ಯಾಂಡನ್ನು ಬೆರಳಿಗೆ ಸುತ್ತಿಕೊಂಡರು.

ಹಿಂದೆ ಕಲ್ಲಿನ ಮೇಲೆ ಕೂತಿದ್ದ ಸುಬ್ಬಲಕ್ಷ್ಮಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ನಮಗದು ಅಚ್ಚು ಹಾಕಿದ ರಟ್ಟಿನ ಆಟಿಕೆ. ಆಕೆಗೆ ಅದು ಮಗ. ಅದು ಮೇಲೇರಿದರೆ ಮಗ ಮನೆಗೆ ಬರುತ್ತಾನೆ, ಕೆಳಗೆ ಬಿದ್ದರೆ ಜೈಲಿಗೆ ಹೋಗುತ್ತಾನೆ.

ಇಷ್ಟು ಗೊತ್ತಿದ್ದರೆ ಸಾಕು: ಕಳೆದ ಭಾನುವಾರ ಪೀಣ್ಯದ ಈ ಕಾರ್ಟನ್ ಕಾರ್ಖಾನೆಯ ಚಾವಣಿಯ ಸಿಮೆಂಟ್ ಶೀಟು ಒಡೆದು ಒಳಗೆ ಬಿದ್ದ ನರಸಿಂಹಯ್ಯ ಇನ್ನೂ ಕಣ್ಣು ಬಿಟ್ಟಿಲ್ಲ, ಅವತ್ತು ಬೀಗದ ಕೈ ಇದ್ದದ್ದು ರಟ್ಟು ಕತ್ತರಿಸುವ ಪಂಚಿಂಗ್ ಮಷಿನ್ ನಡೆಸುವ, ಸುಬ್ಬಲಕ್ಷ್ಮಮ್ಮನ ಮಗ ಬಾಲಾಜಿಯ ಹತ್ತಿರ, ಅವನೀಗ ಠಾಣೆಯಲ್ಲಿ.

ನರಸಿಂಹಯ್ಯನವರನ್ನು ಜಾಲಹಳ್ಳಿಯಲ್ಲಿ ಹೆಸರು ಹಿಡಿದು ಕೇಳಿದರೆ ಯಾರೂ ತೋರಿಸುವುದಿಲ್ಲ. ವಿಮಾನದ ತಾತ ಅನ್ನಬೇಕು. ಜಾಲಹಳ್ಳಿಯ ಕಾರ್ಖಾನೆಯ ಕೆಲಸದಿಂದ ನಿವೃತ್ತಿಯಾದ ಮೇಲೆ ದಪ್ಪ ಕಾರ್ಡಿನ ಮೇಲೆ ವಿಮಾನದ ಭಾಗಗಳನ್ನು ಈ ಕಾರ್ಟನ್ ಕಾರ್ಖಾನೆಯಲ್ಲಿ ಅಚ್ಚು ಹಾಕಿಸಿ, ಬಿಡಿಸಿ, ಅಂಟಿಸಿ ಹಾರಿಸುವುದೇ ಅವರ ಬದುಕು. ಹೊಸ ಅಚ್ಚು ಬಂದಾಗಲೆಲ್ಲ ಮೊದಲ ವಿಮಾನವನ್ನು ಕಾರ್ಖಾನೆಯ ಪಕ್ಕದ ಈ ಖಾಲಿ ಸೈಟಿನಲ್ಲೇ ಹಾರಿಸಿ ನೋಡುತ್ತಿದ್ದರು. ಅದು ಹಾರದೆ ಒಂದು ಹಾಳೆಯೂ ಹೊರಗೆ ಹೋಗಬಾರದು. ಅದು ಅವರ ನೇಮ.

ಹಾಗಾಗಿ ಎಲ್ಲರೂ ಹೇಳಿದ ಕಥೆ ಸರಳವಾಗಿತ್ತು. ಭಾನುವಾರ ತಾತ ವಿಮಾನ ಹಾರಿಸಿದರು, ಅದು ಶೀಟಿನ ಮೇಲೆ ಕೂತಿತು, ಏಣಿ ಹಾಕಿ ಹತ್ತಿದರು, ಶೀಟು ಒಡೆಯಿತು. ವಿಮಾನವೂ ತೂತಿನ ಪಕ್ಕದಲ್ಲೇ ಸಿಕ್ಕಿದೆ.

ತೊಡಕು ಒಂದೇ. ಪೊಲೀಸರು ಬಂದಾಗ ಏಣಿ ಪಕ್ಕದ ಗೋಡೆಯ ಕೊಕ್ಕೆಯಲ್ಲಿ ಅಚ್ಚುಕಟ್ಟಾಗಿ ನೇತಾಡುತ್ತಿತ್ತು. ಬಿದ್ದ ಮನುಷ್ಯ ಎದ್ದು ಬಂದು ಏಣಿಯನ್ನು ಎತ್ತಿಟ್ಟು ಮತ್ತೆ ಹೋಗಿ ಬೀಳುವುದಿಲ್ಲ.

“ತಾತಂಗೆ ಬಾಗಿಲು ತೆಗೆದುಕೊಟ್ಟು ಟೀ ಕುಡಿಯೋಕೆ ಹೋಗಿದ್ದೆ. ವಾಪಸ್ ಬಂದಾಗ ಬಿದ್ದಿದ್ರು,” ಅನ್ನುತ್ತಾನೆ ಬಾಲಾಜಿ. ಏಣಿ ಅಂದ ತಕ್ಷಣ ಮಾತ್ರ ಬಾಯಿಗೆ ಬೀಗ.

ನರೇಶ್ ಜಾಲಹಳ್ಳಿ ಕ್ವಾರ್ಟರ್ಸಿನಲ್ಲಿ ಬೆಳೆದವರು. ಚಿಕ್ಕಂದಿನಲ್ಲಿ ತಾತನ ಹತ್ತಿರ ವಿಮಾನ ಕಲಿತವರು. ಆ ಪ್ರೀತಿಯೇ ಬಾಲಾಜಿಯ ಮೇಲೆ ಸಿಟ್ಟಾಗಿ ತಿರುಗಿತ್ತು. ಮಗನನ್ನು ಬಿಡಿಸಿಕೊಡಿ ಅಂತ ಸುಬ್ಬಲಕ್ಷ್ಮಮ್ಮ ನನ್ನ ಹತ್ತಿರ ಬಂದ ಮೇಲೆ, ನಾನು ಕಾಡಿ ಬೇಡಿ ನರೇಶರನ್ನು ಒಂದು ಮಾತಿಗೆ ಒಪ್ಪಿಸಿದ್ದೆ. “ಇಲ್ಲಿಂದ ಶೀಟಿನ ಮೇಲಕ್ಕೆ ಆ ವಿಮಾನ ಹೋಗತ್ತೆ ಅಂತ ತೋರ್ಸಿ, ಸಂಜೆಗೇ ಹುಡುಗನ್ನ ಬಿಡ್ತೀನಿ. ಇಲ್ಲಾಂದ್ರೆ ನಾಳೆ ಕೋರ್ಟು.”

ಅದಕ್ಕೇ ಈ ವಿಮಾನಗಳು. ಕಾರ್ಖಾನೆಯ ಮಾಲೀಕ ಶಿವರಾಜ್ ಅದೇ ಅಚ್ಚಿನ ಹಾಳೆಗಳನ್ನು ಕೇಳಿದ ಕೂಡಲೇ ಕೊಟ್ಟಿದ್ದ. ಅಷ್ಟು ಬೇಗ ಕೊಟ್ಟದ್ದೂ ನನಗೆ ಹಿಡಿಸಿರಲಿಲ್ಲ. ಇನ್ಶೂರೆನ್ಸ್ ಕಂಪನಿಯಲ್ಲಿ ಸುಳ್ಳು ಕ್ಲೇಮುಗಳನ್ನು ಹಿಡಿದು ಹಿಡಿದು ನನಗೆ ಇದೊಂದು ರೋಗ: ಧಾರಾಳವಾಗಿ ಕೊಡುವವರನ್ನು ಕಂಡರೆ ಅನುಮಾನ.

ಸ್ಕೂಟರ್ ಸದ್ದಾಯಿತು. ನರಸಿಂಹಯ್ಯನವರ ಮಗಳು ಧನಲಕ್ಷ್ಮಿ. ನಿದ್ದೆಯಿಲ್ಲದ ಕಣ್ಣು, ಕೈಯಲ್ಲಿ ಊಟದ ಡಬ್ಬಿ.

“ಸುಬ್ಬಮ್ಮ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅಲ್ವಾ? ಉಪ್ಪಿಟ್ಟು ತಂದಿದೀನಿ. ತಿನ್ನಿ ಮೊದ್ಲು.”

ಅಪ್ಪನನ್ನು ಕೊಲ್ಲಲು ನೋಡಿದ ಅಂತ ಬೀದಿಯೆಲ್ಲ ಆಡಿಕೊಳ್ಳುತ್ತಿರುವ ಹುಡುಗನ ತಾಯಿಗೆ ಉಪ್ಪಿಟ್ಟು! ನಾನಾಗಿದ್ದರೆ ತರುತ್ತಿರಲಿಲ್ಲ. ಅಷ್ಟು ದೊಡ್ಡ ಮನಸ್ಸು ನನ್ನದಲ್ಲ.

“ಅಕ್ಕ, ತಾತ ಹೇಗಿದಾರೆ?” ಕೇಳಿದರು ನರೇಶ್.

“ಹಾಗೇ ಇದಾರೆ ಕಣೋ. ನರೇಶ, ಈ ಹುಡುಗನ್ನ ಬಿಟ್ಬಿಡೋ. ಆ ವಿಮಾನ ಅಪ್ಪ ಮಾಡಿದ್ದೇ. ಅವರ ಕೈ ನನಗೆ ಗೊತ್ತಿಲ್ವಾ? ಸ್ಟೇಟ್‌ಮೆಂಟಲ್ಲೂ ಅದನ್ನೇ ಹೇಳಿದೀನಿ. ಹಟ ಮಾಡಿ ಹತ್ತಿದ್ರು, ಬಿದ್ರು. ನಮ್ಮ ಹಣೆಬರಹ.”

ಸುಬ್ಬಲಕ್ಷ್ಮಮ್ಮ ಕೈ ಮುಗಿದರು. ಧನಲಕ್ಷ್ಮಿ ಆ ಕೈಗಳನ್ನು ಹಿಡಿದು ಕೆಳಗಿಳಿಸಿದಳು.

“ಮನೆ ಕಡೆ ಸ್ವಲ್ಪ ಕೆಲಸ ಇದೆ. ಸಂಜೆ ಬಂದು ನಾನೇ ಕರ್ಕೊಂಡು ಹೋಗ್ತೀನಿ ಸುಬ್ಬಮ್ಮ. ಒಬ್ಬರೇ ಬಸ್ಸಿಗೆ ನಿಲ್ಬೇಡಿ.”

ಅವಳು ಹೋದ ಮೇಲೆ ನರೇಶ್ ಪೊದೆಗೆ ಕೈ ಹಾಕಿ ಬಿದ್ದ ವಿಮಾನವನ್ನು ಎತ್ತಿಕೊಂಡರು. ಎರಡು ಬೆರಳಲ್ಲಿ ಅದರ ಹೊಟ್ಟೆ ಹಿಡಿದು ಕಣ್ಣಿನ ಮಟ್ಟಕ್ಕೆ ತಂದರು. ರೆಕ್ಕೆಗಳೆರಡೂ ನಿಧಾನವಾಗಿ ಜೋಲು ಬಿದ್ದವು, ಬೈಸಿಕೊಂಡ ಮಕ್ಕಳ ತಲೆಯ ಹಾಗೆ.

“ಅಯ್ಯೋ,” ಅಂದರು. “ನಾನೆಂಥ ದಡ್ಡ! ಮೇಡಂ, ನ್ಯೂಸ್‌ಪೇಪರ್ ಇದೆಯಾ?”

ಬಾಳೆಹಣ್ಣು ಸುತ್ತಿಕೊಂಡು ಬಂದಿದ್ದ ಪೇಪರು ಕೊಟ್ಟೆ.

“ಮೇಲಿಂದ ಕೆಳಕ್ಕೆ ಹರೀರಿ.”

ಹರಿದೆ. ಗೆರೆ ಎಳೆದ ಹಾಗೆ ನೆಟ್ಟಗೆ ಬಂತು.

“ಈಗ ಅಡ್ಡಕ್ಕೆ.”

ಅಡ್ಡಕ್ಕೆ ಹರಿದದ್ದು ಸೊಟ್ಟ ಸೊಟ್ಟವಾಗಿ ಎತ್ತಲೋ ಹೋಯಿತು.

“ಬಟ್ಟೆಗಿದ್ದ ಹಾಗೆ ಕಾಗದಕ್ಕೂ ಎಳೆ ಇದೆ. ಎಳೆ ಉದ್ದಕ್ಕೆ ಇದ್ರೆ ಗಟ್ಟಿ ನಿಲ್ಲತ್ತೆ, ಅಡ್ಡ ಬಂದ್ರೆ ಬಾಗತ್ತೆ. ತಾತನ ಹತ್ರ ಮೊದಲ ದಿನ ಕತ್ತರಿ ಮುಟ್ಟೋ ಹಾಗಿಲ್ಲ. ಎರಡು ಪಟ್ಟಿ ಕೊಡ್ತಿದ್ರು. ಒಂದು ಉದ್ದ ಎಳೇದು, ಒಂದು ಅಡ್ಡ ಎಳೇದು. ಬೆರಳ ಮೇಲೆ ಇಟ್ಕೊಂಡು ಯಾವುದು ಜೋಲು ಬೀಳತ್ತೆ ಅಂತ ಹೇಳ್ಬೇಕು. ಅದು ಬಂದ್ಮೇಲೇ ಮುಂದಿನ ಪಾಠ. ಅವರ ಕೈಲಿ ಕಲಿತ ಯಾರೂ ರೆಕ್ಕೆಗೆ ಅಡ್ಡ ಎಳೆ ಹಾಕಲ್ಲ ಮೇಡಂ. ನಾನು ಈ ಪೊಲೀಸ್ ಕೆಲಸದಲ್ಲಿ ಮರ್ತೇಬಿಟ್ಟಿದ್ದೆ.”

“ಶೀಟಿನ ಮೇಲೆ ಸಿಕ್ಕಿದ್ದು?”

ನರೇಶ್ ಬೈಕಿನ ಹತ್ತಿರ ಹೋಗಿ ಸಾಕ್ಷಿಯ ವಿಮಾನವಿದ್ದ ಪ್ಲಾಸ್ಟಿಕ್ ಕವರ್ ತಂದರು. ಕವರಿನ ಹೊರಗಿನಿಂದಲೇ ಅದರ ಹೊಟ್ಟೆ ಹಿಡಿದರು.

ರೆಕ್ಕೆಗಳು ಜೋಲು ಬಿದ್ದವು.

ನಾನು ಕವರನ್ನು ಬೆಳಕಿಗೆ ಹಿಡಿದು ನೋಡಿದೆ. ಕೆಲಸ ಮಾತ್ರ ಬಹಳ ಚೊಕ್ಕ. ಅಂಟಿನ ಒಂದು ಹನಿ ಹೊರಗೆ ಚೆಲ್ಲಿಲ್ಲ. ರೆಕ್ಕೆಗೆ ಹಿತವಾದ ಸಣ್ಣ ಗೂನು.

“ಈ ಗೂನು ಹೇಗೆ ಬರತ್ತೆ?”

“ಪೆನ್ನಿನ ಬೆನ್ನಿಂದ ಉಜ್ಜೋದು. ಅದೂ ತಾತ ಕಲಿಸಿದ್ದೇ,” ಅಂದರು ನರೇಶ್. ಅವರ ಮನಸ್ಸು ಆಗಲೇ ಬೇರೆಡೆಗೆ ಓಡಿತ್ತು. “ಅದಿರ್ಲಿ ಮೇಡಂ. ಇದು ಹಾರೋ ವಿಮಾನ ಅಲ್ಲ. ಹಾರದೇ ಇರೋದು ಶೀಟಿನ ಮೇಲಕ್ಕೆ ನಡ್ಕೊಂಡು ಹೋಯ್ತಾ? ಯಾರೋ ತಂದಿಟ್ಟಿದಾರೆ. ಆಕ್ಸಿಡೆಂಟ್ ಅನ್ಸೋ ಹಾಗೆ ಮಾಡೋಕೆ. ಎಳೆ ಗೊತ್ತಿಲ್ದೇ ಇರೋ ಕಾರ್ಟನ್ನಿನೋರ ಕೆಲಸ ಇದು. ಅವತ್ತು ಇಲ್ಲಿದ್ದ ಕಾರ್ಟನ್ನಿನೋನು ಯಾರು?”

ಅವರು ಹೆಸರು ಹೇಳಬೇಕಾಗಿರಲಿಲ್ಲ. ಸುಬ್ಬಲಕ್ಷ್ಮಮ್ಮ ಕಲ್ಲಿನಿಂದ ಎದ್ದು ನಿಂತಿದ್ದರು.

“ಅಂಗಂದ್ರೇನು ಸಾಮಿ? ನನ್ ಮಗ ಬರಾಕಿಲ್ವಾ?”

ಹುಡುಗನನ್ನು ಬಿಡಿಸಲು ಹೊರಟವಳು ನಾನು, ಅವನ ಕುತ್ತಿಗೆಗೆ ಹಗ್ಗ ಹೊಸೆದು ಕೊಟ್ಟಿದ್ದೆ. ನನ್ನ ಮೇಲೆ ನನಗೇ ಮೈಯೆಲ್ಲ ಉರಿಯಿತು.

“ಸಂಜೆ ತನಕ ಟೈಮ್ ಕೊಡಿ,” ಅಂದೆ.

“ಸಂಜೆ ತನಕ,” ಅಂದರು ನರೇಶ್. “ನಾನು ಆಸ್ಪತ್ರೆಗೆ ಹೋಗಿ ತಾತನ್ನ ನೋಡ್ಕೊಂಡು ಬರ್ತೀನಿ.”

*

ಶಿವರಾಜ್‌ನ ಆಫೀಸಿನಲ್ಲಿ ಗೋಡೆಯುದ್ದಕ್ಕೂ ಅವನು ಮಾಡಿದ ರಟ್ಟಿನ ಡಬ್ಬಿಗಳು. ಊದುಬತ್ತಿಯದು, ಮಾತ್ರೆಯದು, ಸ್ವೀಟಿನದು. ಎಲ್ಲ ಬೆರಳಿಗೂ ಉಂಗುರ ಹಾಕಿದ ಮನುಷ್ಯ. ನನ್ನನ್ನು ಕಂಡು ಎದ್ದು ನಿಂತ.

“ಬನ್ನಿ ಮೇಡಂ. ಹಾರಿತಾ ವಿಮಾನ?”

“ಬಿತ್ತು. ನಿಮ್ಮ ಹಾಳೆಯ ಎಳೆ ಅಡ್ಡ ಇದೆಯಂತೆ.”

“ಎಳೆನಾ?” ಅಂದ. “ಅದೆಲ್ಲ ನನಗೇನು ಗೊತ್ತು ಮೇಡಂ. ಅವರು ಕೊಟ್ಟಿದ್ದನ್ನ ಪ್ರಿಂಟ್ ಹಾಕ್ತೀವಿ, ಪಂಚ್ ಮಾಡ್ತೀವಿ, ಅಷ್ಟೇ.”

“ಭಾನುವಾರ ಎಲ್ಲಿದ್ರಿ?”

“ನೆಲಮಂಗಲದಲ್ಲಿ, ಭಾವಮೈದುನನ ಗೃಹಪ್ರವೇಶ. ಬೇಕಾದ್ರೆ ಬಂದಿದ್ದೋರನ್ನೆಲ್ಲ ಕೇಳಿ. ವಿಷಯ ಗೊತ್ತಾಗಿ ಎಲೆ ಬಿಟ್ಟು ಎದ್ದು ಬಂದೆ.”

ಉಂಗುರದ ಬೆರಳುಗಳು ಮೇಜಿನ ಮೇಲೆ ತಾಳ ಹಾಕುತ್ತಿದ್ದವು. ಕಾರ್ಟನ್ ಮಾಡಿಯೇ ಮನೆ ಕಟ್ಟಿಸಿದವನು ಕಾಗದದ ಎಳೆ ಗೊತ್ತಿಲ್ಲ ಅನ್ನುವುದು, ಈಜುವ ಮೀನು ನೀರು ಕಂಡಿಲ್ಲ ಅಂದ ಹಾಗೆ. ನೇರವಾಗಿ ಕೇಳಿದರೆ ಇಂಥವರು ಬಾಯಿ ಬಿಡುವುದಿಲ್ಲ. ಇವರಿಗೆ ಮಾನ ಇರುವ ಕಡೆ ಚುಚ್ಚಬೇಕು.

ನಾನು ಗೋಡೆಯಿಂದ ಒಂದು ಸ್ವೀಟ್ ಡಬ್ಬಿ ಎತ್ತಿಕೊಂಡೆ. ತಿರುಗಿಸಿ ನೋಡಿದೆ, ಮುಖ ಸಿಂಡರಿಸಿದೆ.

“ಏನ್ ಶಿವರಾಜ್, ನಿಮ್ಮ ಡಬ್ಬಿ ಹೊಟ್ಟೆ ಉಬ್ಬಿಸ್ಕೊಂಡಿದೆ? ರಟ್ಟಿನ ಬೋರ್ಡು ತಿರುಗಿಸಿ ಹಾಕೋದು ನಿಮ್ಮ ಹುಡುಗರಿಗೆ ಬರಲ್ವಾ?”

“ಯಾವುದು? ಕೊಡಿ ಇಲ್ಲಿ!” ಡಬ್ಬಿಯನ್ನು ನನ್ನ ಕೈಯಿಂದ ಕಿತ್ತುಕೊಂಡ. “ಉಬ್ಬಿದೆಯಾ? ನೋಡಿ ಸರಿಯಾಗಿ! ನನ್ನ ಡಬ್ಬಿಗೆ ಎಲ್ಲೂ ಎಳೆ ತಪ್ಪಲ್ಲ. ಮಡಿಕೆಗೆ ಎಳೆ ಅಡ್ಡ ಬರ್ಬೇಕು, ಆಗ್ಲೇ ಗೋಡೆ ನೆಟ್ಟಗೆ ನಿಲ್ಲೋದು. ಇಪ್ಪತ್ತು ವರ್ಷದಿಂದ ನಾನೇ ನಿಂತು ಬೋರ್ಡ್ ಲೋಡ್ ಮಾಡಿಸೋದು...”

ಅಲ್ಲಿಗೆ ನಿಂತ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಿದ್ದ.

“ಕೂತ್ಕೊಳ್ಳಿ,” ಅಂದೆ.

ಕೂತ.

“ವಿಮಾನದ ಹಾಳೆಗೂ ನೀವೇ ನಿಂತು ಬೋರ್ಡ್ ತಿರುಗಿಸಿದ್ರಿ.”

“ಬೇಕು ಅಂತ ಅಲ್ಲ ಮೇಡಂ. ಅಡ್ಡ ತಿರುಗಿಸಿದ್ರೆ ಒಂದು ಶೀಟಿಗೆ ಒಂದು ವಿಮಾನ ಹೆಚ್ಚಿಗೆ ಕೂರತ್ತೆ. ನಮ್ಮ ಲೈನಲ್ಲಿ ಬೋರ್ಡ್ ಬಿಸಾಕೋದು ಅಂದ್ರೆ ಅನ್ನ ಬಿಸಾಕಿದ ಹಾಗೆ. ಕೈ ತಾನಾಗೇ ತಿರುಗತ್ತೆ. ಆಟದ ಸಾಮಾನು ತಾನೆ, ಏನಾಗತ್ತೆ ಅನ್ಕೊಂಡೆ.”

“ತಾತ ಏನಂದ್ರು?”

ಅವನು ಕಿಟಕಿಯ ಕಡೆ ನೋಡಿದ.

“ಶಿವರಾಜ್, ನಿಮ್ಮ ಹುಡುಗ ನಾಳೆ ಕೋರ್ಟಿಗೆ ಹೋಗ್ತಾನೆ. ಅವನ ಅಮ್ಮ ಇದೇ ಕಾರ್ಖಾನೆ ಗುಡಿಸಿ ಸೊಂಟ ಮುರ್ಕೊಂಡೋರು. ಅವರು ಹೊರಗಡೆ ಕಲ್ಲಿನ ಮೇಲೆ ಕೂತಿದಾರೆ. ಬನ್ನಿ, ಅವರ ಮುಂದೆನೇ ಹೇಳಿ, ನನಗೇನೂ ಗೊತ್ತಿಲ್ಲ ಅಂತ.”

ತಾಳ ನಿಂತಿತು.

“ಶನಿವಾರ ಸಂಜೆ ಬಂದಿದ್ರು,” ಅಂದ ಮೆಲ್ಲಗೆ. “ಒಂದು ಪಟ್ಟಿ ಕತ್ತರಿಸಿ ಬೆರಳ ಮೇಲೆ ಇಟ್ಕೊಂಡ್ರು. ಜೋಲು ಬಿತ್ತು. ‘ಇದು ವಿಮಾನ ಅಲ್ಲ ಶಿವರಾಜ, ಗಾಳಿಗೆ ಸಿಕ್ಕ ಛತ್ರಿ. ಮಕ್ಕಳ ಕೈಗೆ ಹಾರದೇ ಇರೋದನ್ನ ಕೊಡ್ತೀಯಾ?’ ಅಂದ್ರು. ಇಡೀ ಲಾಟ್ ಬೇಡ ಅಂದ್ರು.”

“ಯಾರಿಗೆ ಹೋಗ್ಬೇಕಾಗಿತ್ತು ಆ ಲಾಟು?”

“ವೈಟ್‌ಫೀಲ್ಡಿನ ಒಂದು ಸಾಫ್ಟ್‌ವೇರ್ ಕಂಪನಿಗೆ. ಅವರ ಫ್ಯಾಮಿಲಿ ಡೇಗೆ, ಬಂದ ಮಕ್ಕಳಿಗೆಲ್ಲ ಒಂದೊಂದು. ರೆಕ್ಕೆ ಮೇಲೆ ಇದೆಯಲ್ಲ, ಅದೇ ಕಂಪನಿ ಹೆಸರು. ತಾತಂಗೆ ಆ ಹೆಸರು ಹಾಕಿರೋದೂ ಗೊತ್ತಿರ್ಲಿಲ್ಲ. ಶನಿವಾರಾನೇ ಮೊದಲ ಸಲ ನೋಡಿದ್ದು.”

ನಾನು ಬರೆದುಕೊಳ್ಳುತ್ತಿದ್ದ ಪೆನ್ನು ನಿಂತಿತು.

“ವಿಮಾನ ಅವರದು, ಆರ್ಡರ್ ಅವರಿಗೇ ಗೊತ್ತಿಲ್ಲ? ಹಾಗಾದ್ರೆ ಆರ್ಡರ್ ತಂದಿದ್ದು ಯಾರು?”

“ಆರ್ಡರ್ ಕೊಟ್ಟ ಪಾರ್ಟಿ ವಿಷಯ ನಾವು ಹೊರಗೆ ಹೇಳಲ್ಲ ಮೇಡಂ.”

“ಪಾರ್ಟಿ ಯಾರು ಅಂತ ಕೇಳ್ಲಿಲ್ಲ. ತಂದೋರು ಯಾರು?”

ಅವನು ಮೇಜಿನ ಮೇಲಿದ್ದ ಮೊಬೈಲನ್ನು ನೋಡಿ, ಅದನ್ನು ಬೋರಲು ಹಾಕಿದ. “ಅದು ನಮ್ಮ ವ್ಯವಹಾರ.”

ಹಾಗೆ ಅಂದವನ ಹಣೆಯ ಮೇಲೆ ಬೆವರಿತ್ತು. ಫ್ಯಾನ್ ತಿರುಗುತ್ತಲೇ ಇತ್ತು.

“ಸರಿ, ಇನ್ನೊಂದು. ಶನಿವಾರ ರಾತ್ರಿ ಬೀಗ ಹಾಕುವಾಗ ಒಳಗೆ ಬೇರೆ ವಿಮಾನದ ಹಾಳೆ ಇತ್ತಾ? ಎಳೆ ಸರಿ ಇರೋದು?”

“ಒಂದೂ ಇಲ್ಲ. ಹಳೇದೆಲ್ಲ ತಾತನ ಮನೆಗೆ ಹೋಗಿತ್ತು. ಇದ್ದದ್ದು ಈ ಲಾಟೇ.”

ನಾನು ಬ್ಯಾಗಿನಿಂದ ಒಂದು ಹಾಳೆ ತೆಗೆದು ಅವನ ಮುಂದಿಟ್ಟೆ. “ಒಂದು ವಿಮಾನ ಮಾಡಿ ಕೊಡಿ.”

“ನಾನಾ?”

“ನೀವೇ. ಗಮ್ ಅಲ್ಲೇ ಇದೆ.”

ಪಾಪ, ಪ್ರಯತ್ನ ಪಟ್ಟ. ಉಂಗುರಗಳು ರೆಕ್ಕೆಗೆ ಸಿಕ್ಕಿಕೊಂಡವು. ವಿಮಾನದ ಮೂಗು ಮುಂಗೈಗೆ ಅಂಟಿತು. ಕೊನೆಗೆ ಮೇಜಿನ ಮೇಲೆ ನಿಂತದ್ದು ವಿಮಾನವೋ, ಲಾರಿ ಚಕ್ರಕ್ಕೆ ಸಿಕ್ಕಿದ ಚಪ್ಪಲಿಯೋ ಹೇಳುವುದು ಕಷ್ಟ. ನಾನು ಮೊಬೈಲಿನಲ್ಲಿದ್ದ ಸಾಕ್ಷಿ ವಿಮಾನದ ಫೋಟೋವನ್ನು ಅದರ ಪಕ್ಕದಲ್ಲಿಟ್ಟೆ.

“ಬಾಲಾಜಿ ಮಾಡಿದ್ರೆ ಹೀಗೆ ಬರತ್ತಾ?”

ಶಿವರಾಜ್ ಮೊದಲ ಸಲ ನಿಜವಾಗಿ ನಕ್ಕ. “ಅವನಾ? ಮಷಿನ್ ಕೊಡಿ, ಕಣ್ಣು ಮುಚ್ಕೊಂಡು ನಡೆಸ್ತಾನೆ. ಗಮ್ ಡಬ್ಬ ಕೊಟ್ರೆ ಪ್ಯಾಂಟಿಗೆ ಅಂಟಿಸ್ಕೊಳ್ತಾನೆ. ಇಲ್ಲಿ ಯಾರಿಗೂ ಇದು ಬರಲ್ಲ ಮೇಡಂ. ಪಾರ್ಟಿಗೆ ತೋರಿಸೋ ಸ್ಯಾಂಪಲ್ ಎಲ್ಲ ತಾತನ ಮನೆಯಿಂದಲೇ ಮಾಡ್ಕೊಂಡು ಬರ್ತಿತ್ತು.”

“ಯಾರು ತರ್ತಿದ್ರು?”

ನಗು ಆರಿಹೋಯಿತು. ಇನ್ನು ಅವನ ಬಾಯಿಂದ ಒಂದಕ್ಷರ ಬರುವುದಿಲ್ಲ ಅಂತ ನನಗೆ ಗೊತ್ತಾಯಿತು. ಚಪ್ಪಟೆಯಾದ ಆ ವಿಮಾನವನ್ನು ಎತ್ತಿಕೊಂಡು ಹೊರಗೆ ಬಂದೆ.

ಬಾಗಿಲಿನಿಂದ ಬಲಕ್ಕೆ ತಿರುಗಿದರೆ ಏಣಿ ನೇತುಹಾಕುವ ಓಣಿ. ಒಂದು ಕಡೆ ಕಾರ್ಖಾನೆಯ ಗೋಡೆ, ಇನ್ನೊಂದು ಕಡೆ ಎತ್ತರದ ಕಾಂಪೌಂಡು, ರಸ್ತೆಯ ಕಡೆಗೆ ವೇಸ್ಟ್ ರಟ್ಟಿನ ಗುಡ್ಡ. ಅಲ್ಲಿ ನಿಂತವರು ರಸ್ತೆಗೂ ಕಾಣುವುದಿಲ್ಲ, ಪಕ್ಕದ ಸೈಟಿಗೂ ಕಾಣುವುದಿಲ್ಲ. ಮೇಲೆ ನೋಡಿದೆ. ಶೀಟಿನ ಅಂಚು, ಅದರಾಚೆ ಆಕಾಶ.

ನರೇಶ್ ಹೇಳಿದ್ದು ಅರ್ಧ ಸರಿ, ಅರ್ಧ ತಪ್ಪು. ಹಾಳೆ ಕಾರ್ಟನ್ನಿನವರದು, ನಿಜ. ಆದರೆ ಅಂಟಿಸಿದ ಕೈ ಕಾರ್ಟನ್ನಿನವರದಲ್ಲ. ತಾತನ ಹತ್ತಿರ ಚೆನ್ನಾಗಿ ಕಲಿತ ಕೈ ಅದು. ಎಳೆ ಅಡ್ಡವಿದೆ ಅಂತ ಗೊತ್ತಿದ್ದೂ, ಅವಸರಕ್ಕೆ ಬೇರೆ ಹಾಳೆ ಸಿಗದೆ, ಇದ್ದದ್ದರಲ್ಲೇ ಮಾಡಿದೆ. ರೆಕ್ಕೆಗೆ ಗೂನು ಕೊಡುವುದನ್ನು ಮಾತ್ರ ಆ ಕೈಗೆ ಮರೆಯಲಾಗಲಿಲ್ಲ, ಒಗ್ಗರಣೆ ಹಾಕುವವರ ಕೈ ಬೇಡವೆಂದರೂ ಕರಿಬೇವಿಗೆ ಹೋಗುವ ಹಾಗೆ.

ಅಂದರೆ ಬಾಲಾಜಿ ಅಲ್ಲ. ಆದರೆ ನರೇಶ್ ಒಪ್ಪಬೇಕಲ್ಲ. ಬೇಕೆಂದೇ ಕೆಟ್ಟದಾಗಿ ಅಂಟಿಸುತ್ತಾನೆ ಅಂದರೆ ಮುಗಿಯಿತು. ಏಣಿ ಇನ್ನೂ ಹುಡುಗನ ಕುತ್ತಿಗೆಯ ಮೇಲೇ ಇತ್ತು.

*

ಸುಬ್ಬಲಕ್ಷ್ಮಮ್ಮ ಗೇಟಿನ ಹತ್ತಿರ ನೆಲದ ಮೇಲೆ ಕೂತಿದ್ದರು. ಉಪ್ಪಿಟ್ಟಿನ ಡಬ್ಬಿ ತೆರೆದೇ ಇರಲಿಲ್ಲ.

“ಅಮ್ಮಾ, ನಿಮ್ಮ ಮಗ ಆ ವಿಮಾನ ಮಾಡಿಲ್ಲ. ನನಗೆ ಗೊತ್ತು. ಆದರೆ ಏಣಿ ಎತ್ತಿಟ್ಟಿದ್ದು ಯಾರು ಅಂತ ಗೊತ್ತಾಗದೆ ಅವನನ್ನ ಬಿಡಲ್ಲ. ಅವನ್ಯಾಕೆ ಬಾಯಿ ಬಿಡ್ತಿಲ್ಲ?”

ಆಕೆ ಬೆರಳಿಂದ ಮಣ್ಣು ಕೆರೆದರು.

“ಅಮ್ಮಣ್ಣಿ,” ಅಂದರು. “ಏಣಿ ಎತ್ತಿಕ್ಕಿದ್ದು ನಾನು.”

ನಾನು ಆಕೆಯ ಎದುರಿಗೇ ನೆಲದ ಮೇಲೆ ಕೂತೆ.

“ಅವತ್ತು ಮುದ್ದೆ ಸಾರು ತಕ್ಕೊಂಡು ಬಂದಿದ್ದೆ. ಮಗ ಇರ್ಲಿಲ್ಲ. ಡಬ್ಬಿ ಕಿಟಕೀಲಿಕ್ಕಿ ಇಂದಕ್ಕೆ ತಿರುಗ್ದೆ, ಏಣಿ ಓಣೀಲಿ ನಿಂತದೆ. ಅದೇನು ಬಾರ ಇಲ್ಲ, ಅಲ್ಮಿನಿಯಮ್ದು. ಬಾನುವಾರ ಅಂಗೆ ಬಿಟ್ರೆ ಗುಜರಿಯೋರು ಎತ್ಕೊಂಡು ಓಯ್ತಾರೆ, ಸಿವರಾಜಪ್ಪ ನನ್ ಮಗನ್ನ ಬೈತಾರೆ. ಈ ಕಾರ್ಕಾನೆ ಗುಡಿಸ್ದಾಗ್ಲಿಂದ ನಂಗೆ ಅದೇ ಅಬ್ಯಾಸ. ಎತ್ತಿ ಕೊಕ್ಕೇಗೆ ಆಕ್ಬುಟ್ಟು ಓದೆ.”

“ಒಳಗೆ ಇಣುಕಿ ನೋಡ್ಲಿಲ್ವಾ?”

“ಇಲ್ಲ ಕಣವ್ವಾ. ಗೇಟ್ ತಾವ ಓದಾಗ ಶೀಟ್ ಮ್ಯಾಗೆ ಏನೋ ಸದ್ದಾಯ್ತು. ಪಾರ್ವಾಳ ಅನ್ಕಂಡೆ.” ದನಿ ಒಡೆಯಿತು. “ತಾತ ಆಗ ಮ್ಯಾಲೇ ಇದ್ರೇನೋ. ಏಣಿ ಇಲ್ದೆ ಇಳಿಯಾಕೆ ದಾರಿ ಉಡುಕ್ತಾ ಶೀಟ್ ಮ್ಯಾಗೆ ಕಾಲಿಕ್ಕಿದ್ರೇನೋ. ದೇವ್ರಂತ ಮನ್ಸನ್ನ ನಾನೇ ಕೆಡವ್ಬುಟ್ನೇನೋ ಅಮ್ಮಣ್ಣಿ. ನನ್ ಮಗ ಕಿಟಕೀಲಿ ಡಬ್ಬಿ ನೋಡವ್ನೆ. ನಾನು ಬಂದು ಓಗಿದೀನಿ ಅಂತ ಅವುಂಗೆ ಗೊತ್ತು. ಅದ್ಕೇ ಬಾಯಿ ಬುಡ್ತಿಲ್ಲ ನನ್ ಕಂದ.”

ಅಮ್ಮನನ್ನು ಉಳಿಸಲು ಮಗ ಸುಮ್ಮನಿದ್ದಾನೆ. ಮಗನನ್ನು ಉಳಿಸಲು ನನ್ನ ಹತ್ತಿರ ಬಂದ ಅಮ್ಮ, ಉಳಿಸುವ ಮಾತನ್ನೇ ಸೆರಗಿನಲ್ಲಿ ಗಂಟು ಹಾಕಿಕೊಂಡು ಕೂತಿದ್ದಾರೆ. ಬೈಯಬೇಕೆನ್ನಿಸಿತು. ಬೈಯಲು ಆಗಲಿಲ್ಲ.

“ಅಮ್ಮಾ, ತಾತ ಮೇಲೆ ಒಬ್ಬರೇ ಇದ್ದಿದ್ರೆ, ನೀವು ಏಣಿ ತೆಗೆಯೋದು ಕಂಡು ಕೂಗ್ತಿರ್ಲಿಲ್ವಾ? ‘ಸುಬ್ಬಮ್ಮ, ನಾನಿಲ್ಲಿದೀನಿ’ ಅಂತ?”

ಆಕೆ ತಲೆ ಎತ್ತಿದರು. ಇದು ಆಕೆಗೆ ಹೊಳೆದಿರಲಿಲ್ಲ.

“ತಾತ ಆಗಲೇ ಕೆಳಗೆ ಬಿದ್ದಿದ್ರು. ಮೇಲೆ ಇದ್ದೋರು ಬೇರೆ ಯಾರೋ. ತಮ್ಮ ಏಣಿ ಹೋಗ್ತಿದ್ರೂ ಕೂಗದೇ ಕೂತಿದ್ರು, ತಾವು ಅಲ್ಲಿರೋದು ಯಾರಿಗೂ ಗೊತ್ತಾಗ್ಬಾರ್ದು ಅಂತ. ನೀವು ಹೋದ್ಮೇಲೆ ಆ ರಟ್ಟಿನ ಗುಡ್ಡದ ಮೇಲೆ ಹಾರಿ ಇಳಿದಿರ್ಬೇಕು. ಇದನ್ನ ನೀವು ಮೊದಲನೇ ದಿನವೇ ಹೇಳಿದ್ರೆ ಬಾಲಾಜಿ ಠಾಣೆ ಮೆಟ್ಟಿಲೇ ಹತ್ತಬೇಕಾಗಿರ್ಲಿಲ್ಲ. ಯಾಕೆ ಮುಚ್ಚಿಟ್ರಿ?”

“ಏಳ್ಬ್ಯಾಡಿ ಅಂದ್ರು ಕಣವ್ವಾ.”

“ಯಾರು?”

“ದನಲಕ್ಸ್ಮಮ್ಮ. ಮೊದಲ್ನೇ ದಿನ ಆಸ್ಪತ್ರೇಲಿ ನನ್ ಕೈ ಇಡ್ಕೊಂಡು, ‘ಸುಬ್ಬಮ್ಮ, ಏಣಿ ವಿಸ್ಯ ಯಾರ್ಗೂ ಏಳ್ಬ್ಯಾಡಿ. ನೀವು ಬೇಕೂಂತ ಮಾಡಿದ್ದಲ್ಲ. ಆದ್ರೆ ಪೋಲೀಸ್ನೋರು ನಂಬಾಕಿಲ್ಲ. ಬಾಲಾಜೀನ ನಾನು ಬುಡಿಸ್ತೀನಿ’ ಅಂದ್ರು. ಅಪ್ಪ ಅಂಗೆ ಮಲ್ಗಿದ್ರೂ ನನ್ ಮ್ಯಾಲೆ ಒಂದು ಮಾತಾಡ್ಲಿಲ್ಲ. ದೊಡ್ಡ ಮನ್ಸು ಆ ತಾಯಿದು.”

“ಅವರಿಗೆ ನೀವು ಯಾವಾಗ ಹೇಳಿದ್ರಿ, ಏಣಿ ಎತ್ತಿಟ್ಟಿದ್ದು ನಾನು ಅಂತ?”

ಸುಬ್ಬಲಕ್ಷ್ಮಮ್ಮ ನನ್ನ ಮುಖವನ್ನೇ ನೋಡಿದರು.

“ನಾನಾ? ನಾನೇನೂ ಏಳಿಲ್ವಲ್ಲ ಅಮ್ಮಣ್ಣಿ. ನನ್ ಮಗುಂಗೇ ಏಳಿಲ್ಲ. ಅವ್ರೇ ಏಳಿದ್ದು.”

ಓಣಿಯ ಕಡೆ ನೋಡಿದೆ. ರಸ್ತೆಗೆ ಕಾಣದ ಓಣಿ. ಸೈಟಿಗೆ ಕಾಣದ ಓಣಿ. ಅಲ್ಲಿ ಏಣಿ ಎತ್ತುವ ಹೆಂಗಸನ್ನು ನೋಡಬೇಕಾದರೆ ಒಂದೇ ಜಾಗ.

ಮೇಲೆ.

“ಪಾಂ” ಅಂತ ಹಾರ್ನ್ ಆಯಿತು. ಸ್ಕೂಟರ್ ಗೇಟಿನಲ್ಲೇ ನಿಂತಿತ್ತು. ಧನಲಕ್ಷ್ಮಿ ಇಂಜಿನ್ ಆಫ್ ಮಾಡಲಿಲ್ಲ.

“ಬನ್ನಿ ಸುಬ್ಬಮ್ಮ, ಬೇಗ. ಆಸ್ಪತ್ರೆಯಿಂದಲೇ ಬರ್ತಿದೀನಿ. ಅಪ್ಪ ಕಣ್ಣು ಬಿಟ್ರು!”

ಸುಬ್ಬಲಕ್ಷ್ಮಮ್ಮ “ಸಾಮೀ” ಅಂತ ಎದ್ದೇಬಿಟ್ಟರು.

“ನಿಮ್ಮನ್ನೇ ಕೇಳ್ತಿದಾರೆ,” ಅಂದಳು ಧನಲಕ್ಷ್ಮಿ. ಆಮೇಲೆ ಅವಳ ಕಣ್ಣು ನನ್ನ ಕೈಯಲ್ಲಿದ್ದ ಶಿವರಾಜ್‌ನ ವಿಮಾನದ ಮೇಲೆ ಬಿತ್ತು. “ಅಯ್ಯೋ, ಯಾರು ಮೇಡಂ ಇದನ್ನ ಹೀಗೆ ಕೊಂದಿರೋದು? ಕೊಡಿ.”

ಕೊಟ್ಟೆ. ಬ್ಯಾಗಿನ ಪಕ್ಕದಿಂದ ಪೆನ್ನು ತೆಗೆದಳು. ಸೊಟ್ಟಗಿದ್ದ ರೆಕ್ಕೆಯನ್ನು ಅಂಗೈ ಮೇಲೆ ಬಿಡಿಸಿ ಪೆನ್ನಿನ ಬೆನ್ನಿಂದ ಒಂದು ಸಲ, ಎರಡು ಸಲ ಉಜ್ಜಿದಳು. ಹಿತವಾದ ಸಣ್ಣ ಗೂನು ಬಂತು. ಶಿವರಾಜ್ ಹೆಸರು ಹೇಳದ, ಆರ್ಡರ್ ತಂದು ಸ್ಯಾಂಪಲ್ ಕೊಡುತ್ತಿದ್ದ ಕೈ ಇದೇ.

ಪೆನ್ನು ನಿಂತಿತು. ರೆಕ್ಕೆ ಅವಳ ಬೆರಳಿನ ಆಚೆ ಮೆಲ್ಲಗೆ ಜೋಲು ಬಿತ್ತು. ಅವಳು ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ.

“ಹಾರಲ್ಲ ಇದು,” ಅಂದಳು. ವಿಮಾನವನ್ನು ನನ್ನ ಕೈಗೆ ವಾಪಸ್ ಇಟ್ಟಳು.

“ನಾನೂ ಬರ್ತೀನಿ,” ಅಂದೆ.

“ಗಾಡೀಲಿ ಇಬ್ಬರಿಗೇ ಜಾಗ ಮೇಡಂ. ನೀವು ಆಟೋ ಹಿಡ್ಕೊಂಡು ಬನ್ನಿ.”

ನಾನು ಸುಬ್ಬಲಕ್ಷ್ಮಮ್ಮನ ತೋಳಿಗೆ ಕೈ ಹಾಕಿದೆ. ಆಕೆ ಬಿಡಿಸಿಕೊಂಡರು. “ತಾತ ಕರೀತಾವ್ರೆ ಬುಡವ್ವಾ. ಅವ್ರ ಕಾಲಿಗೆ ಬೀಳ್ಬೇಕು ನಾನು,” ಅನ್ನುತ್ತಲೇ ಹಿಂದೆ ಹತ್ತಿ ಕೂತರು. ಸ್ಕೂಟರ್ ಹೊರಟಿತು.

ಓಡುತ್ತಾ ರಸ್ತೆಗೆ ಬಂದು ನರೇಶ್‌ಗೆ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದರು.

“ನರೇಶ್, ತಾತ ಕಣ್ಣು ಬಿಟ್ರಂತೆ?”

“ಯಾರು ಹೇಳಿದ್ದು ಮೇಡಂ? ನಾನು ಇಲ್ಲೇ ಅವರ ಪಕ್ಕದಲ್ಲೇ ನಿಂತಿದೀನಿ. ಹಾಗೇ ಮಲಗಿದಾರೆ. ಧನಲಕ್ಷ್ಮಕ್ಕ ಮಧ್ಯಾಹ್ನದಿಂದ ಈ ಕಡೆ ಬಂದೇ ಇಲ್ಲ.”

ರಸ್ತೆಯ ತುದಿಯಲ್ಲಿ ಲಾರಿಗಳ ನಡುವೆ ಸ್ಕೂಟರ್ ಇನ್ನೂ ಕಾಣುತ್ತಿತ್ತು. ಸುಬ್ಬಲಕ್ಷ್ಮಮ್ಮ ಸೆರಗನ್ನು ತಲೆಗೆ ಹೊದ್ದುಕೊಂಡು, ಒಂದು ಕೈಯಲ್ಲಿ ಧನಲಕ್ಷ್ಮಿಯ ಭುಜ ಹಿಡಿದು ಕೂತಿದ್ದರು. ಆಸ್ಪತ್ರೆಗೆ ಅಲ್ಲಿ ಎಡಕ್ಕೆ ಹೋಗಬೇಕು.

ಸ್ಕೂಟರ್ ಬಲಕ್ಕೆ ತಿರುಗಿತು.